ಮಂಡಿ ನೋವು ಯಾರದು?

ಸಣ್ಣಯ್ಯನ ಪಾಡಿಗೆಲ್ಲ ಮೂಲ ಒಂದು ಬಕೆಟ್ಟು ಸುಣ್ಣ. ಪರೀಕ್ಷೆ ನಡೆಸಲು ಮೈಸೂರಿಂದ ದೊಡ್ಡವರು ಬರುತ್ತಾರೆಂದು ಕೆಂಚನಕೊಪ್ಪಲಿನ ಆಸ್ಪತ್ರೆ ಕಾಂಪೌಂಡಿನಲ್ಲಿದ್ದ ಕಟ್ಟಡಗಳಿಗೆಲ್ಲ ಸುಣ್ಣ ಹೊಡೆದ ಕೂಲಿಯವನು, ಉತ್ಸಾಹ ಉಕ್ಕಿ, ಬೋರ್ಡುಗಳ ಮೇಲೂ ಒಂದೊಂದು ಕೈ ಎಳೆದು ಅಕ್ಷರಗಳನ್ನೆಲ್ಲ ಮುಚ್ಚಿಬಿಟ್ಟಿದ್ದ.

ಆರೋಗ್ಯ ಸಹಾಯಕರ ಪರೀಕ್ಷೆಯಲ್ಲಿ ಆಗಲೇ ಒಮ್ಮೆ ಉರುಳಿದ್ದ ಸಣ್ಣಯ್ಯ ಬೆಟ್ಟದಪುರದಿಂದ ಮೊದಲ ಬಸ್ಸಿಗೇ ಬಂದಿಳಿದ. ಈ ಸಲವೂ ಫೇಲಾದರೆ ಮಾವನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಒಟ್ಟುವುದೇ ಗತಿ. "ಈ ಸಲ ಮಂಡಿ ನೋವಿನ ಕೇಸೇ ಕೊಡೋದಂತೆ ಕಣ್ಲಾ," ಎಂದು ಜೊತೆಗಾರ ಚಿಕ್ಕಮಾದ ಗುಟ್ಟಾಗಿ ಹೇಳಿದ್ದರಿಂದ, ಮಂಡಿಯೊಂದನ್ನು ಬಿಟ್ಟು ಮಿಕ್ಕ ಶರೀರವನ್ನೆಲ್ಲ ಮರೆತುಬಂದಿದ್ದ. ಮೊದಲು ಕೇಳು, ಆಮೇಲೆ ನೋಡು, ಮುಟ್ಟು, ಮಡಿಸು, ಎರಡನ್ನೂ ಹೋಲಿಸು. ಬಸ್ಸಿನುದ್ದಕ್ಕೂ ಇದೇ ಜಪ. ಪಕ್ಕದ ಸೀಟಿನವರು ಹೆದರಿ ಎದ್ದುಹೋಗಿದ್ದರು.

"ಪರೀಕ್ಷೆ ಎಲ್ಲಿ ನಡೀತದೆ ಮಲ್ಲಾಜಮ್ಮ?" ಎಂದು ಗೇಟಿನಲ್ಲಿ ಗುಡಿಸುತ್ತಿದ್ದ ಆಯಾಳನ್ನು ಕೇಳಿದ.

"ಅಗಾ, ಆ ಇಂದಿನ ಕಟ್ಟಡ," ಎಂದು ಆಕೆ ಪೊರಕೆ ತೋರಿಸಿದಳು.

ಹಿಂದಿನ ಕಟ್ಟಡದ ಜಗಲಿಯ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಹೆಸರು ಪುಟ್ಟಸಿದ್ದಮ್ಮ.

"ಮಂಡಿ ನೋವು ಯಾರ್ದವ್ವ?"

"ನಮ್ದೇ ಕಣಪ್ಪ."

ಸಣ್ಣಯ್ಯನ ಮುಖ ಅರಳಿತು. "ಯಾವಾಗಿಂದ?"

"ಮೊನ್ನೆ ಒಲ ಉತ್ತಾಗಿಂದ. ಎಡಗಡೇದು. ಊದ್ಕೊಂಡು ಕುಂಬಳಕಾಯಿ ಆಗದೆ."

"ರಾತ್ರಿ ನಿದ್ದೆ?"

"ಮನಗೋದೇ ಇಲ್ಲ. ರಾತ್ರಿಯೆಲ್ಲ ನಿಂತೇ ಇರ್ತದೆ."

ನಿಂತೇ ಇರುವ ಕಾಲು! ಯಾವ ಪಾಠದಲ್ಲೂ ಇದು ಬಂದಿರಲಿಲ್ಲ. ಆದರೂ ಮುದುಕಿಗೆ ಕಾಲು ಚಾಚಿ ಸೀರೆ ಕೊಂಚ ಸರಿಸಲು ಹೇಳಿ, ಎಡಮಂಡಿ ಒತ್ತಿದ. ಊತವಿಲ್ಲ, ಬಿಸಿಯಿಲ್ಲ. ಪುಟ್ಟಸಿದ್ದಮ್ಮ ಕಚಗುಳಿಗೆ ಕಿಲಕಿಲ ನಕ್ಕಳು. "ಕೂತು ಏಳವ್ವ," ಎಂದರೆ, ಡಾಕ್ಟರ ಅಪ್ಪಣೆಯೆಂದು, ನಾಟಿ ಮಾಡುವವಳಂತೆ ಪಟಪಟ ಬಗ್ಗಿ ಎದ್ದಳು. ಸಣ್ಣಯ್ಯನ ತಲೆ ಬುಗುರಿಯಾಯಿತು. ಮಾತಲ್ಲಿ ಅಷ್ಟು ಕಾಯಿಲೆ, ಕಾಲಲ್ಲಿ ಒಂದಿಷ್ಟೂ ಇಲ್ಲ!

ಅಷ್ಟರಲ್ಲಿ ಟೋಪಿ ಹಾಕಿದ ಪರೀಕ್ಷಕರು ಒಳಗಿಂದ ಬಂದರು. "ಏನ್ರೀ ಇದು?"

"ರೋಗಿಯ ಮಂಡಿ ನೋಡ್ತಿದ್ದೀನಿ ಸಾರ್."

"ರೋಗಿ ಹೊರಗೆ ಕಟ್ಟಿದೆಯಲ್ರೀ!"

"ಅದ್ನೇ ಏಳಾಣ ಅಂತಿದ್ದೆ, ಈವಪ್ಪ ನನ್ ಕಾಲ್ ಬುಡ್ಲಿಲ್ಲ," ಎಂದಳು ಪುಟ್ಟಸಿದ್ದಮ್ಮ. ಮರದ ಕೆಳಗೆ ಅವಳ ಎತ್ತು ಮುಂಗಾಲೆತ್ತಿಕೊಂಡು ನಿಂತಿತ್ತು.

ಪಾಪ, ಮುದುಕಿ ದಾರಿ ತಪ್ಪಿ ಮನುಷ್ಯರ ಆಸ್ಪತ್ರೆಗೆ ಬಂದಿದ್ದಾಳೆ ಎಂದುಕೊಂಡ ಸಣ್ಣಯ್ಯ. ಆದರೆ ಪರೀಕ್ಷಕರು ನಗದೆ, "ಹೂಂ, ಶುರು ಮಾಡಿ," ಎಂದರು. ತನ್ನ ಬುದ್ಧಿ ಎಷ್ಟಿದೆಯೆಂದು ಅಳೆಯುತ್ತಿರಬೇಕು! ಎರಡನೆಯ ಸಲ ಫೇಲಾಗುವುದಕ್ಕಿಂತ ಎತ್ತೇ ವಾಸಿ. ನೋಡಿದ, ಮುಟ್ಟಿದ, ಒದೆಯಿಂದ ಕೂದಲೆಳೆಯಲ್ಲಿ ಪಾರಾದ, ಮಡಿಸಿದ, ಎರಡು ಮಂಡಿಯನ್ನೂ ಹೋಲಿಸಿದ. ಊತದ ನಡುವೆ ಸೂಜಿಯಂಥ ಜಾಲಿಮುಳ್ಳು ಕೈಗೆ ಸಿಕ್ಕಿತು. ಪರೀಕ್ಷಕರು ಚಾಚಿದ ಚಿಮಟದಿಂದ ಕಿತ್ತ. ಎತ್ತು ನಿಟ್ಟುಸಿರುಬಿಟ್ಟು ಕಾಲೂರಿತು.

"ಭೇಷ್! ಇಷ್ಟು ಕ್ರಮವಾಗಿ ನೋಡಿದವರು ಇವತ್ತು ಇನ್ನೊಬ್ಬರಿಲ್ಲ. ನೀವೇ ಫಸ್ಟ್," ಎಂದು ಪರೀಕ್ಷಕರು ಕೈಕುಲುಕಿದರು.

ಸಣ್ಣಯ್ಯನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಆಗ ಮಲ್ಲಾಜಮ್ಮ ಏದುಸಿರುಬಿಡುತ್ತ ಓಡಿಬಂದಳು.

"ಅಯ್ಯೋ ಸಣ್ಣಯ್ಯ, ಇಲ್ಲೇನ್ ಮಾಡ್ತಿದ್ದೀಯಾ? ಮುಂದ್ಗಡೆ ಆಸ್ಪತ್ರೇಲಿ ನಿನ್ ರೋಗಿ ಚಲುವಯ್ಯ ಮಂಡಿ ನೀವ್ಕೊಂಡು ನಿನ್ನೇ ಕಾಯ್ತಾ ಕುಂತವ್ನೆ! ದೊಡ್ ಡಾಕ್ಟ್ರು ನಿನ್ ಹೆಸ್ರು ಕೂಗೀ ಕೂಗೀ ಸಾಕಾಗಿ, ಗೈರು ಅಂತ ಬರೆದು, ಈಗ್ ಜೀಪ್ ಅತ್ತಿ ಓದ್ರು!"

"ಮತ್ತೆ ನೀನೇ ತಾನೇ ಇಲ್ಲಿ ಪರೀಕ್ಷೆ ಅಂದಿದ್ದು?"

"ಹೂಂ ಮತ್ತೆ! ಇಲ್ಲೂ ಪರೀಕ್ಷೆನೇ. ಇದು ದನದಾಸ್ಪತ್ರೆ ಕಾಂಪೌಂಡರ್‌ಗಳ್ದು. ಯಾವ್ದು ಅಂತ ನೀನ್ ಕೇಳ್ದಾ?"

ಪರೀಕ್ಷಕರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಹಾಗಾದ್ರೆ ನೀವು ನಮ್ಮವರಲ್ವೇನ್ರೀ?"

ಸಣ್ಣಯ್ಯನಿಗೆ ಈಗ ಹೊಳೆಯಿತು. ದಾರಿ ತಪ್ಪಿದ್ದು ಮುದುಕಿಯಲ್ಲ, ತಾನು. ತನ್ನದಲ್ಲದ ಪರೀಕ್ಷೆಗೆ ಫಸ್ಟು, ತನ್ನದಕ್ಕೆ ಗೈರು! ಚಿಮಟವನ್ನು ಪರೀಕ್ಷಕರ ಕೈಗೇ ಒಪ್ಪಿಸಿದ.

ಪುಟ್ಟಸಿದ್ದಮ್ಮ ಅವನ ಬೆನ್ನು ಸವರಿದಳು.

"ಬುಡು ಮಗ, ಅವ್ರು ಓದ್ರೆ ಓಗ್ಲಿ. ಎಂಗೂ ಪುರಸೊತ್ತಾಗಿದ್ದೀಯಲ್ಲ, ನಮ್ಮಟ್ಟಿ ತಾವ ಒಂದು ಎಮ್ಮೆ ಕುಂಟ್ತಾ ಅದೆ. ಬಾ, ನೋಡ್ಬುಡುವಂತೆ."