ಕಂಟಿ ಕುಣಾಲನ ಮಾನಿಟರ್

2025ರ ಜನವರಿ 11, ಶನಿವಾರ, ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ಕುಣಾಲ ಒಂದು ಕಂಟಿಗೆ ಹದಿನೇಳು ಗುಂಡು ಹೊಡೆದ. ಕಂಟಿ ಸಾಯಲಿಲ್ಲ. ಅದು ಬರೀ ಕಂಟಿ, ಎಲೆ ತುಂಬಿದ ಪೊದೆಯೇ ಆಗಿತ್ತು. ಹದಿನೆಂಟನೆಯ ಗುಂಡು ಪಕ್ಕದ ಕಂಟಿಯಿಂದ ಬಂತು. ಅದು ಸಂಭಾಜಿಯದು. ಕುಣಾಲ ಸತ್ತ.

ಇಷ್ಟೆಲ್ಲ ನಡೆದದ್ದು ಕಂಪ್ಯೂಟರ್ ಆಟದಲ್ಲಿ. ಸಂಭಾಜಿ ಕೊಗನೊಳ್ಳಿಯಲ್ಲಿ ತನ್ನ ಮನೆಯ ಮಾಳಿಗೆಯ ಮೇಲೆ ಕೂತಿದ್ದ. ಕುಣಾಲ ರಾಯಬಾಗದ ಹೊರಗೆ, ತನ್ನ ತಂದೆಯ ಕಾಟಾದಲ್ಲಿ, ಅಂದರೆ ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗುವ ಕಟ್ಟೆಯ ಪುಟ್ಟ ಕೋಣೆಯಲ್ಲಿ ಕೂತಿದ್ದ. ಇಬ್ಬರ ನಡುವೆ ಹತ್ತಾರು ಮೈಲಿ ಇದ್ದರೂ ಹೆಡ್‌ಫೋನಿನಲ್ಲಿ ಸಂಭಾಜಿಯ ನಗು ಕಿವಿಯೊಳಗೇ ಮಂಚ ಹಾಕಿ ಕೂತ ಹಾಗಿತ್ತು.

"ಕಂಟಿ ಕುಣಾಲ," ಎಂದು ಅವನು ನಾಮಕರಣ ಮಾಡಿದ. "ಇವತ್ತ ಸಂಜೀಕ ಕಡೀ ಆಟ. ಅದರಾಗೂ ಸೋತ್ರ, ಆಟದಾಗ ಒಂದ ವರ್ಷ ನಿನ್ನ ಹೆಸರು ಇದs. ಕಬೂಲ?"

ಕುಣಾಲ ಕಬೂಲಾದ. ಆಮೇಲೆ ಯೋಚಿಸಿದ. ಅವನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನಾದ್ದರಿಂದ ಸೋಲಿಗೂ ಕಾರಣ ಹುಡುಕುವ ಚಟವಿತ್ತು. ತಪ್ಪು ತನ್ನ ಕಣ್ಣಿನದಲ್ಲ, ಕೈಯದಲ್ಲ, ಎದುರಿಗಿದ್ದ ಮಾನಿಟರಿನದು. ಹನ್ನೊಂದು ವರ್ಷ ಕಬ್ಬಿನ ಧೂಳು ಕುಡಿದ ಆ ಹದಿನೆಂಟೂವರೆ ಇಂಚಿನ ಪರದೆಯಲ್ಲಿ ಇದ್ದದ್ದು ಹತ್ತು ಲಕ್ಷ ಚುಕ್ಕಿ. ಅಷ್ಟರಲ್ಲಿ ಕಂಟಿಯೂ ಒಂದೇ, ಕಂಟಿಯ ಹಿಂದಿನ ಮನುಷ್ಯನೂ ಒಂದೇ.

ಯಾವ ಮಾನಿಟರ್ ಬೇಕೆಂಬುದನ್ನು ಅವನು ಆಗಲೇ ಲೆಕ್ಕ ಹಾಕಿ ಇಟ್ಟಿದ್ದ. ಎಂಬತ್ಮೂರು ಲಕ್ಷ ಚುಕ್ಕಿಯ ಫೋರ್‌ಕೆ ಬೇಡ. ಅದನ್ನು ಎಳೆಯಹೋದರೆ ಅವನ ಕಂಪ್ಯೂಟರು ಜೋಡಿ ಟ್ರಾಲಿ ಕಟ್ಟಿಕೊಂಡು ಏರು ಹತ್ತುವ ಹಳೇ ಟ್ರ್ಯಾಕ್ಟರಿನಂತೆ ಹೊಗೆ ಬಿಡುತ್ತಿತ್ತು. ಇಪ್ಪತ್ತೇಳು ಇಂಚು, ಅಗಲಕ್ಕೆ 2560, ಎತ್ತರಕ್ಕೆ 1440 ಚುಕ್ಕಿ, ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವಂಥದ್ದು. ಕಂಪ್ಯೂಟರಿಗೂ ತಡೆಯುತ್ತದೆ, ಕಿಸೆಗೂ ತಡೆಯುತ್ತದೆ. ತಡೆಯದವರು ತಂದೆ ತವನಪ್ಪನವರು ಮಾತ್ರ. ಆಟಕ್ಕೆಂದು ಕೇಳಿದರೆ ಅವರು ಹಳೆಯದನ್ನೂ ಕಿತ್ತಿಡುವ ಪೈಕಿ.

ದಾರಿ ಮಾಡಿಕೊಟ್ಟವರು ಅಲಖನೂರದ ರಾವಸಾಹೇಬರು. ಎಂಟು ಗಂಟೆಗೆ ಕಬ್ಬು ತುಂಬಿಕೊಂಡು ಬಂದ ಅವರು, ಕಾರ್ಖಾನೆಗೆ ಹೋಗುವ ಮೊದಲು ತಮ್ಮ ಸಮಾಧಾನಕ್ಕೊಮ್ಮೆ ತೂಗಿಸಿ, ಎಲ್ಲ ರೈತರಂತೆ ಕಿಟಕಿಯೊಳಗೆ ತಲೆ ತೂರಿಸಿ ಅಂಕಿ ನೋಡಿದರು. ಪರದೆಯಲ್ಲಿದ್ದದ್ದು ಹದಿನೆಂಟು ಸಾವಿರ ಕಿಲೋ. ಅವರು ಓದಿದ್ದು ಹದಿಮೂರು ಸಾವಿರ. ಐದು ಟನ್ ಕಬ್ಬು ಎಲ್ಲಿ ಹೋಯಿತೆಂದು ಜಗಳ ತೆಗೆದರು. ತವನಪ್ಪನವರು ಮೂವತ್ತು ವರ್ಷದ ತಮ್ಮ ಕಾಟಾದ ಮಾನವನ್ನು ಮುಂದಿಟ್ಟರು. ಇಬ್ಬರೂ ಒಬ್ಬರ ಅಜ್ಜನನ್ನು ಇನ್ನೊಬ್ಬರು ನೆನೆಯುವ ಹೊತ್ತಿಗೆ ಕುಣಾಲ ನಡುವೆ ಬಂದ.

"ಪಪ್ಪಾ, ತಪ್ಪು ಕಾಕಾರದಲ್ಲ. ಈ ಪರದ್ಯಾಗ ಮೂರೂ ಎಂಟೂ ಒಂದs ಕಾಣತಾವ. ರೈತಗ ತನ್ನ ಮಾಲಿನ ಅಂಕಿ ಸ್ವಚ್ಛ ಕಾಣಬೇಕೋ ಬ್ಯಾಡೋ ಹೇಳ್ರಿ."

ತವನಪ್ಪನವರು ಮಗನನ್ನು ಮೇಲಿಂದ ಕೆಳಗೆ ನೋಡಿದರು, ಹೊಸದಾಗಿ ಪರಿಚಯವಾದವರಂತೆ.

"ಮಾತಿನ್ಯಾಗ ತೂಕ ಐತಿ," ಎಂದರು. "ಹೋಗಿ ಚಿಕ್ಕೋಡಿಯಿಂದ ತಗೊಂಬಾ. ಆದ್ರ ರಾವಸಾಹೇಬರನ್ನ ಸಂಗಾಟ ಕರಕೊಂಡ ಹೋಗು. ಮಾಲ ಆರಿಸೂ ಕೈ ಅವರದು."

ರಾವಸಾಹೇಬರು ಅದುವರೆಗೆ ಹದಿನಾಲ್ಕು ಎಮ್ಮೆ, ಎರಡು ಟ್ರ್ಯಾಕ್ಟರು ಮತ್ತು ಮೂವರು ಅಳಿಯಂದಿರನ್ನು ಆರಿಸಿದ್ದರು. ಎಮ್ಮೆಗಳ ಬಗ್ಗೆ ಯಾರೂ ದೂರು ಹೇಳಿರಲಿಲ್ಲ. ಅವರು ಟ್ರ್ಯಾಕ್ಟರನ್ನು ಡ್ರೈವರಿಗೆ ಒಪ್ಪಿಸಿ, ತಲೆಯ ಪಟಕಾ ಸರಿಮಾಡಿಕೊಂಡು ಹೊರಟೇಬಿಟ್ಟರು.

ಬಸ್ಸಿನಲ್ಲಿ ಕುಣಾಲನ ಓಣಿಯ ಶೇವಂತಾಬಾಯಿ ಸಿಕ್ಕಳು. ಎಲ್ಲಿಗೆ, ಏನು ತರಲಿಕ್ಕೆ ಎಂದು ಕೇಳಿ ತಿಳಿದುಕೊಂಡ ಮೇಲೆ, ಅಷ್ಟೇ ರೊಕ್ಕದಲ್ಲಿ ತನ್ನ ಅಳಿಯ ನಲವತ್ಮೂರು ಇಂಚಿನ ಟಿ.ವಿ. ತಂದಿದ್ದಾನೆಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. ರಾವಸಾಹೇಬರ ಮುಖದಲ್ಲಿ ನಂಬಿಕೆ ಅಲುಗಾಡಿತು. ಕುಣಾಲ ತಾಳ್ಮೆಯಿಂದ ವಿವರಿಸಿದ. ಇಂಚು ಮುಖ್ಯವಲ್ಲ, ಇಂಚಿಗೆ ಎಷ್ಟು ಚುಕ್ಕಿ ಎಂಬುದು ಮುಖ್ಯ. ಇದ್ದಷ್ಟೇ ತುಪ್ಪವನ್ನು ದೊಡ್ಡ ರೊಟ್ಟಿಗೆ ಸವರಿದರೆ ತೆಳುವಾಗುವುದಿಲ್ಲವೇ?

"ಹಂಗಾರ ತುಪ್ಪಾ ಜಾಸ್ತಿ ಹಾಕಪಾ," ಎಂದಳು ಶೇವಂತಾಬಾಯಿ. "ಹೆಂಗೂ ನಿಮ್ಮ ಮನ್ಯಾಗ ಕಡಿಮಿ ಇಲ್ಲ."

ಬಸ್ಸು ಅವಳ ಪರವಾಗಿ ನಕ್ಕಿತು. ಚಿಕ್ಕೋಡಿ ಬರುವವರೆಗೆ ಹಿಂದಿನ ಸೀಟಿನವರು ಟಿ.ವಿ. ಎಂದೂ ಮುಂದಿನ ಸೀಟಿನವರು ಅದಕ್ಕಿಂತ ಒಂದು ಇನ್ವರ್ಟರ್ ಒಳ್ಳೆಯದೆಂದೂ ತೀರ್ಮಾನಿಸಿದ್ದರು. ಮಾನಿಟರಿನ ಪರ ಇದ್ದವನು ಕುಣಾಲನೊಬ್ಬನೇ.

ಕಂಪ್ಯೂಟರ್ ಅಂಗಡಿಯ ಭರತ ಎರಡು ಮಾನಿಟರುಗಳನ್ನು ಮೇಜಿನ ಮೇಲಿಟ್ಟ. ಒಂದು ಕುಣಾಲ ಬಯಸಿದ್ದು. ಇನ್ನೊಂದು ಮೂವತ್ತೆರಡು ಇಂಚಿನ, ಚುಕ್ಕಿ ಕಡಿಮೆ ಇರುವ, ಕಚೇರಿಗಳಿಗೆ ಹೋಗುವ ಸಾದಾ ಮಾಲು. ರಾವಸಾಹೇಬರು ಇವನ್ನು ಮುಂದಿನಿಂದ ನೋಡಲೇ ಇಲ್ಲ. ಎಮ್ಮೆಯ ಗುಣ ಹಿಂಭಾಗದಲ್ಲಿ ತಿಳಿಯುತ್ತದೆಂದು ಹಿಂದೆ ಹೋದರು. ಬೆನ್ನಿನ ಮೇಲೆ ಕೈಯಾಡಿಸಿದರು, ಬೆರಳ ಗೆಣ್ಣಿನಿಂದ ತಟ್ಟಿದರು. ಕೊನೆಗೆ ಕುಣಾಲನ ಮಾನಿಟರನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ತೂಗಿ ನೋಡಿ ಕೆಳಗಿಟ್ಟರು.

"ನಾಲ್ಕ ಕೇಜಿನೂ ತುಂಬೂದಿಲ್ಲ. ಬಡಕಲು ಐತಿ."

ಮೂವತ್ತೆರಡು ಇಂಚಿನದು ಆರು ಕೇಜಿ ತೂಗಿತು. ಅದನ್ನೇ ಕಟ್ಟಿಕೊಡು ಎಂದರು.

ಕುಣಾಲನಿಗೆ ಅಳು ಬರುವುದೊಂದು ಬಾಕಿ. ಆಟದ ಮಾತು ಎತ್ತುವಂತಿಲ್ಲ. ರೈತರಿಗೆ ಅಂಕಿ ಕಾಣಬೇಕೆಂದು ತಾನೇ ಹೇಳಿ ಬಂದಿದ್ದಾನೆ. ಅಂಕಿಗೆ ದೊಡ್ಡದೇ ಸಾಕು. ಅವನು ಭರತನ ಕಡೆ ನೋಡಿದ. ಭರತನೂ ರಾತ್ರಿಹೊತ್ತು ಕಂಟಿಗಳ ನಡುವೆ ತಿರುಗುವ ಪೈಕಿ ಇರಬೇಕು, ಆ ನೋಟ ಅವನಿಗೆ ತಿಳಿಯಿತು.

"ಕಾಕಾ, ಇದರ ಕಾಲು ಜೋಡಿಸಿಲ್ರಿ ಇನ್ನೂ," ಎಂದ. ಡಬ್ಬಿಯಿಂದ ಉಕ್ಕಿನ ಸ್ಟ್ಯಾಂಡ್ ತೆಗೆದು, ತಿರುಪು ಬಿಗಿದು, ಮುಂದಿಟ್ಟ. "ಈಗ ಎತ್ತಿ ನೋಡ್ರಿ."

ರಾವಸಾಹೇಬರು ಎತ್ತಿದರು. ಹುಬ್ಬು ಮೇಲೇರಿತು. ಏಳು ಕೇಜಿಗೆ ಮೋಸವಿರಲಿಲ್ಲ.

"ಹಾಂ. ಇದಕ್ಕ ಮಾಲ ಅಂತಾರ."

ಹಿಂತಿರುಗುವಾಗ ಕಂಡಕ್ಟರ್ ಡಬ್ಬಿಗೆ ಟಿಕೆಟ್ ಹರಿದ. ಅದೇ ಬಸ್ಸಿನಲ್ಲಿ ಮರಳುತ್ತಿದ್ದ ಶೇವಂತಾಬಾಯಿಗೆ ಎಲ್ಲ ಹೆಂಗಸರಂತೆ ಪ್ರಯಾಣ ಫುಕಟ. ಡಬ್ಬಿಗೊಂದು ಸೀರೆ ಸುತ್ತಿದ್ದರೆ ಅದೂ ಫುಕಟ ಬರುತ್ತಿತ್ತೆಂದು ಅವಳು ಕುಣಾಲನಿಗೆ ಬುದ್ಧಿ ಹೇಳಿದಳು. ರಾವಸಾಹೇಬರು ದಾರಿಯುದ್ದಕ್ಕೂ ತವನಪ್ಪನವರಿಗೆ ಫೋನಿನಲ್ಲಿ ಮಾನಿಟರಿನ ಉದ್ದ, ಅಗಲ, ತೂಕ ವರ್ಣಿಸುತ್ತಿದ್ದರು. ಕುಣಾಲ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸಂಭಾಜಿಯ ಕೊನೆಗಾಲವನ್ನು ಕಲ್ಪಿಸುತ್ತಿದ್ದುದರಿಂದ ಆ ಮಾತು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳಬೇಕಿತ್ತು.

ಎರಡು ಗಂಟೆಗೆ ಕಾಟಾ ಮುಟ್ಟಿದಾಗ ಕಿಟಕಿಯಲ್ಲಿ ಕಬ್ಬಿಣದ ಚೌಕಟ್ಟೊಂದು ಕೂತಿತ್ತು, ಮುಖ ಹೊರಗಡೆ ಮಾಡಿ. ವೆಲ್ಡಿಂಗಿನ ಬಿಸಿ ಇನ್ನೂ ಆರಿರಲಿಲ್ಲ.

"ಪಪ್ಪಾ, ಇದೇನ್ರಿ?"

"ನೀನs ಅಂದೆಲ್ಲೋ, ರೈತಗ ಅಂಕಿ ಕಾಣಬೇಕಂತ," ಎಂದರು ತವನಪ್ಪನವರು ಹೆಮ್ಮೆಯಿಂದ. "ಇನ್ನ ಯಾರೂ ಕಿಡಿಕ್ಯಾಗ ತಲಿ ತುರಕೂದು ಬ್ಯಾಡ. ಟ್ರ್ಯಾಕ್ಟರ್ ಮ್ಯಾಲ ಕುಂತs ನೋಡಲಿ."

ಏಳು ಕೇಜಿ ತೂಗಿಸಿದ ಸ್ಟ್ಯಾಂಡ್ ಮೂಲೆ ಸೇರಿತು. ಮಾನಿಟರ್ ಚೌಕಟ್ಟಿನೊಳಗೆ ಹೋಗಿ, ಕಳ್ಳರ ಭಯಕ್ಕೆ ಅದಕ್ಕೊಂದು ಬೀಗ ಬಿತ್ತು, ಕೀಲಿ ತವನಪ್ಪನವರ ಉಡಿದಾರ ಸೇರಿತು. ಅರಿಶಿನ, ಕುಂಕುಮ, ತೆಂಗಿನಕಾಯಿ ಆಯಿತು. ಆಮೇಲೆ ಅಂಕಿಗಳು ಗೇಣುದ್ದ ಕಾಣುವಂತೆ ಮಾಡಲು ಕುಣಾಲನಿಗೇ ಅಪ್ಪಣೆಯಾಯಿತು. ಕೆಲಸ ಬಂದರೆ ಅಚ್ಚುಕಟ್ಟಾಗಿ ಮಾಡುವುದು ಅವನ ದೌರ್ಬಲ್ಯ. ಟ್ರ್ಯಾಕ್ಟರು ನಿಂತು ತೂಗುವ ಉಕ್ಕಿನ ಪ್ಲೇಟಿನ ಮೇಲೆ ಭಾರ ಬಿದ್ದೊಡನೆ ಅಂಕಿ ತಾನೇ ಎದ್ದು ಪರದೆ ತುಂಬುವಂತೆ ಮಾಡಿದ. ಬೀದಿನಾಯಿ, ಆಡು, ಇಳಿದು ಬೀಡಿ ಸೇದುವ ಡ್ರೈವರ್, ಇಂಥವಕ್ಕೆಲ್ಲ ಅದು ಏಳಬಾರದೆಂದು ಐದು ಕ್ವಿಂಟಲ್ ದಾಟಿದರೆ ಮಾತ್ರ ಎಂಬ ಮಿತಿಯನ್ನೂ ಇಟ್ಟ.

ಮಧ್ಯಾಹ್ನವೆಲ್ಲ ಮೂವತ್ತಾರು ಲಕ್ಷ ಎಂಬತ್ತಾರು ಸಾವಿರದ ನಾನ್ನೂರು ಚುಕ್ಕಿಗಳು ಕಬ್ಬಿನ ತೂಕ ತೋರಿಸಿದವು. ಕುಣಾಲನಿಗೆ ಕಂಡದ್ದು ಅದರ ಬೆನ್ನು.

ಐದೂವರೆಗೆ ತಾಯಿ ತ್ರಿಶಲಾ ಊಟಕ್ಕೆ ಕರೆದರು. ಸೂರ್ಯ ಮುಳುಗುವ ಮೊದಲು ಉಣ್ಣುವುದು ಆ ಮನೆಯ ನೇಮ. ಊಟವಾದ ಮೇಲೆ ಆರೂವರೆಯಿಂದ ಏಳರವರೆಗೆ ತವನಪ್ಪನವರು ಬಸದಿಗೆ ಆರತಿಗೆ ಹೋಗುತ್ತಿದ್ದರು. ಅಷ್ಟು ಹೊತ್ತು ಕಾಟಾ ಬಂದ್. ಕುಣಾಲ ಸಂಭಾಜಿಗೆ ಆಟದ ಹೊತ್ತು ಕೊಡುತ್ತಿದ್ದದ್ದೂ ಅದೇ.

ತಂದೆಯ ಸ್ಕೂಟರ್ ತಿರುವು ದಾಟಿದ್ದೇ ತಡ, ಕುಣಾಲನಿಗೆ ವಿಜ್ಞಾನ ನೆರವಾಯಿತು. ಪರದೆ ಒಳಗೆ ತಿರುಗದಿದ್ದರೆ ಮನುಷ್ಯ ಹೊರಗೆ ಹೋಗಬಹುದಲ್ಲ. ಕೀಲಿಮಣೆ, ಮೌಸು ಮತ್ತು ಹೆಡ್‌ಫೋನಿನ ವೈರುಗಳನ್ನು ಕಿಟಕಿಯ ಸಂದಿಯಿಂದ ಹೊರಗೆಳೆದ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮಾನಿಟರಿನ ಎದುರು ಹಾಕಿದ. ಕಿಟಕಿಯ ಬುಡದಿಂದಲೇ ಪ್ಲೇಟು ಶುರುವಾಗುತ್ತಿದ್ದುದರಿಂದ ಕುರ್ಚಿ ಪ್ಲೇಟಿನ ಮೇಲೆಯೇ ಕೂತಿತು. ಖಾಲಿ ಪ್ಲೇಟು, ಒಬ್ಬ ಬಡಕಲು ಮನುಷ್ಯ. ಅದರಲ್ಲೇನು?

ಆಟ ಶುರುವಾಯಿತು. ಕುಣಾಲನಿಗೆ ಹೊಸ ಜನ್ಮ ಬಂದಂತಾಯಿತು. ಎಲೆಯ ನರ ಕಾಣುತ್ತಿತ್ತು, ಗೋಡೆಯ ಬಿರುಕು ಕಾಣುತ್ತಿತ್ತು. ಎದುರು ಪಕ್ಷದವರು ಒಬ್ಬೊಬ್ಬರಾಗಿ ಉದುರಿದರು. ಅವನ ಕಡೆಯವರೂ ಉದುರಿ, ಕೊನೆಗೆ ಇತ್ತ ಕುಣಾಲ, ಅತ್ತ ಸಂಭಾಜಿ, ಇಬ್ಬರೇ ಉಳಿದರು.

ಸರದಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಆರತಿ ಮುಗಿಯುವುದನ್ನು ಕಾಯುತ್ತಿದ್ದ ಡ್ರೈವರುಗಳಿಗೆ ಬೇರೆ ಕೆಲಸವಿರಲಿಲ್ಲ. ಮೊದಲು ಇಬ್ಬರು ಬಂದು ಕುರ್ಚಿಯ ಹಿಂದೆ ನಿಂತರು. ಆಮೇಲೆ ಇನ್ನಿಬ್ಬರು. ಹತ್ತಿರದ ಚಹಾದ ಅಂಗಡಿಯವನೂ ಬಂದ, ಅವನನ್ನು ಹುಡುಕಿಕೊಂಡು ಗಿರಾಕಿಯೊಬ್ಬ ಬಂದ. ಕಬ್ಬಿನ ತೋಟದಲ್ಲಿ ಹಂದಿ ಕಾದ ಕಣ್ಣುಗಳು ಅವು.

"ಎಡಗಡೆ ಕಂಟಿ ನೋಡ ತಮ್ಮಾ," ಎಂದ ಒಬ್ಬ ಡ್ರೈವರ್ ಮೆಲ್ಲಗೆ. "ಗಾಳಿ ಇಲ್ಲದs ಅಲಗಾಡಾಕತ್ತೈತಿ."

ಕುಣಾಲ ನೋಡಿದ. ಎಲೆಗಳ ನಡುವೆ ನೀಲಿ ಟೋಪಿಯ ಅಂಚು, ಕೂದಲೆಳೆಯಷ್ಟು. ಹಳೆಯ ಪರದೆಯಲ್ಲಿ ಏಳು ಜನ್ಮಕ್ಕೂ ಕಾಣುತ್ತಿರಲಿಲ್ಲ. ಅವನು ಉಸಿರು ಹಿಡಿದ. ಗುರಿ ಟೋಪಿಯ ಕೆಳಗೆ ಒಂದು ಬೆರಳು ಇಳಿದು ನಿಂತಿತು.

ಆಗ ರಾವಸಾಹೇಬರು ಬಂದರು. ಕಾರ್ಖಾನೆಯಿಂದ ಖಾಲಿ ಟ್ರಾಲಿಯೊಂದಿಗೆ ಮರಳುತ್ತಿದ್ದವರು, ತಾವು ಆರಿಸಿದ ಮಾಲು ಹೇಗೆ ನಡೆದಿದೆಯೆಂದು ನೋಡಲು ಇಳಿದಿದ್ದರು.

"ಸರೀರ್ಯೋ, ನನಗೂ ಒಂದೀಟ ಕಾಣಲಿ," ಎನ್ನುತ್ತ ಪ್ಲೇಟು ಹತ್ತಿದರು.

ಪ್ಲೇಟು ಅಡಿಯಲ್ಲಿ ಸಣ್ಣಗೆ ನರಳಿತು. ಕಂಟಿ, ಟೋಪಿ, ಸಂಭಾಜಿ ಎಲ್ಲ ಒಮ್ಮೆಲೇ ಮಾಯವಾಗಿ ಪರದೆ ಬೆಳ್ಳಗಾಯಿತು. ಅದರ ಮೇಲೆ ಗೇಣುದ್ದದ ಕಪ್ಪು ಅಂಕಿಗಳು ಎದ್ದು ನಿಂತವು. ಅವುಗಳ ಹಿಂದೆ ಎಲ್ಲೋ ಒಂದು ಗುಂಡು ಹಾರಿದ ಸದ್ದು ಕೇಳಿಸಿತು. ಒಂದೇ ಗುಂಡು.

"ಕಾಯ್ ರೇ, ಕಂಟಿ?" ಎಂದ ಸಂಭಾಜಿ ಹೆಡ್‌ಫೋನಿನಲ್ಲಿ, ಏನಪಾ ಎಂದು ಕೇಳುವಂತೆ, ಬಹಳ ಪ್ರೀತಿಯಿಂದ.

ರಾವಸಾಹೇಬರು ಚಸ್ಮಾ ತೆಗೆದು ಕಿಸೆಗೆ ಹಾಕಿ, ಬರಿಗಣ್ಣಿನಿಂದ ಪರದೆ ನೋಡಿ ತಲೆದೂಗಿದರು.

"ಈಗ ಹೆಂಗ ಸ್ವಚ್ಛ ಕಾಣತೈತಿ ನೋಡ ಕುಣಾಲ. ಎಂಟು ಅಂದ್ರ ಎಂಟs. ಮೂರಂತ ಅಂದವನ ಕಣ್ಣs ಹೋಗ್ಯಾವ ಅನಬೇಕು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕುಣಾಲ, ಕುರ್ಚಿ, ಆರು ಜನ ಪ್ರೇಕ್ಷಕರು ಮತ್ತು ರಾವಸಾಹೇಬರು ಸೇರಿ ಒಟ್ಟು ತೂಕ 580 ಕಿಲೋಗ್ರಾಂ.