ನಾನು ಹೇಳಿದಂತೆಯೇ ನಡೆದ ಕಂಪ್ಯೂಟರ್

ಮಾಡುವ ಕೆಲಸ ಒಂದು, ಅದನ್ನು ಹೇಳಿಕೊಳ್ಳುವ ಮಾತು ಇನ್ನೊಂದು. ಇವೆರಡೂ ಒಂದೇ ಆಗಿರುವ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮವ್ವನನ್ನು, "ಅತ್ತೆ, ಹುರುಳಿಸಾರಿಗೆ ಖಾರ ಎಷ್ಟು ಹಾಕ್ತೀರಿ?" ಎಂದು ಕೇಳಿದ್ದಳು. ಅವ್ವ ಬಹಳ ಗಾಂಭೀರ್ಯದಿಂದ "ಎರಡು ಚಮಚ" ಎಂದಳು. ಆಗ ನಮ್ಮ ಮನೆಯಲ್ಲಿ ಚಮಚವೇ ಇರಲಿಲ್ಲ. ಜೀವಮಾನವಿಡೀ ಕೈಯಲ್ಲಿ ಬಾಚಿ ಹಾಕಿದವಳು, ಯಾರೋ ಕೇಳಿದರು ಎಂದ ಕೂಡಲೇ ಇಲ್ಲದ ಚಮಚವನ್ನು ಸೃಷ್ಟಿಸಿದಳು. ನಾನು ಅವಳ ಮಗ. ಆದ್ದರಿಂದ ಮುಂದೆ ಆದದ್ದಕ್ಕೆಲ್ಲ ನನ್ನೊಬ್ಬನನ್ನೇ ಬೈಯುವುದು ನ್ಯಾಯವಲ್ಲ.

ನಮ್ಮೂರು ತಳಕಿನಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಸಂಘಕ್ಕೆ ಕಸ ಗುಡಿಸಲು ಸೇರಿ, ಉಗ್ರಾಣದ ಪಾಲಣ್ಣ ಎನಿಸಿಕೊಂಡವನು. ನೇಕಾರರಿಗೆ ನೂಲು ತೂಗಿ ಕೊಡುವುದು, ನೇಯ್ದ ಸೀರೆ ತೆಗೆದುಕೊಳ್ಳುವುದು ನನ್ನ ಕೆಲಸ. ಹನ್ನೆರಡು ವರ್ಷ ಒಂದು ದಿನವೂ ತಡವಾಗಿ ಬೀಗ ತೆಗೆದವನಲ್ಲ. ಈ ಮಾತನ್ನು ನಾನು ದಿನಕ್ಕೆ ಎರಡು ಸಲ ಹೇಳುತ್ತಿದ್ದೆನೆಂದು ಜನ ಹೇಳುತ್ತಾರೆ. ಇರಬಹುದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಂಘಕ್ಕೂ ಕಂಪ್ಯೂಟರ್ ಬಂತು. ಶುರುವಾಗುವ ಮೊದಲು ಅದಕ್ಕೆ ನಮ್ಮ ಕೆಲಸ ಕಲಿಸಬೇಕಂತೆ. ಅದಕ್ಕಾಗಿ ಚಳ್ಳಕೆರೆಯಿಂದ ನಸೀಮಾ ಎಂಬ ಮೇಡಂ ಬಸ್ಸಿನಲ್ಲಿ ಬಂದರು. ಮಗಳ ವಯಸ್ಸು. ನನ್ನೆದುರು ಕೂತು, ನೋಟ್‌ಬುಕ್ ತೆರೆದು, "ಅಣ್ಣಾರೆ, ನೀವು ಮಾಡೋ ಕೆಲಸ ಹೆಂಗೆ ಮಾಡ್ತೀರೋ ಹಂಗೇ ಹೇಳ್ರಿ, ಬರ್ಕೊಂತೀನಿ" ಎಂದರು. ನನ್ನ ಜೀವನದಲ್ಲಿ ನಾನು ಹೇಳಿದ್ದನ್ನು ಓದಿದವರೊಬ್ಬರು ಬರೆದುಕೊಂಡದ್ದು ಅದೇ ಮೊದಲು. ಎದೆ ಉಬ್ಬಿತು. ನಾಲಿಗೆಗೂ ಕಾಲು ಬಂತು.

"ಎಲ್ಲಾರಿಗೂ ತೂಕ ಒಂದೇ ಮೇಡಂ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿ ಇಲ್ಲ. ಹಿಂದೆ ಕೊಟ್ಟ ನೂಲಿನ ಸೀರೆ ಕೈಗೆ ಬರೋತನಕ ಹೊಸ ನೂಲು ಮುಟ್ಟಂಗಿಲ್ಲ. ಚೀಟಿ ಇಲ್ದೆ ನೂಲಿನ ಬೀರು ಬಾಗಿಲು ತೆಗೆಯಂಗಿಲ್ಲ. ನಮ್ಮಪ್ಪ ಬಂದ್ರೂ ಅಷ್ಟೇಯಾ!" ಎಂದೆ. ಇದೆಲ್ಲ ಗೋಡೆಗೆ ಮೊಳೆ ಹೊಡೆದ ನಿಯಮದ ಹಲಗೆಯಲ್ಲಿತ್ತು. ಹಲಗೆಯನ್ನೇ ಬಾಯಿಪಾಠ ಒಪ್ಪಿಸಿದೆ. ಮೇಡಂ ಅಷ್ಟನ್ನೂ ಶುದ್ಧವಾಗಿ ಬರೆದು, ಮರುದಿನ ಓದಿ ಹೇಳಿ, ಕೆಳಗೆ ನನ್ನ ಸಹಿ ತೆಗೆದುಕೊಂಡರು. ಸಹಿಯ ಕೆಳಗೆ ನಾನೇ ಒಂದು ಗೆರೆಯನ್ನೂ ಎಳೆದೆ, ಚೆಂದಕ್ಕೆ.

ಎರಡು ತಿಂಗಳಿಗೆ ಕಂಪ್ಯೂಟರ್ ಶುರುವಾಯಿತು. ಪೂಜೆ ಮಾಡಿ ಅದರ ಹಣೆಗೆ ಕುಂಕುಮ ಇಟ್ಟವನೂ ನಾನೇ. ಬೀರುವಿನ ಬೀಗದ ಕೈ ಕಾರ್ಯದರ್ಶಿ ನಿಂಗಪ್ಪನವರ ವಶಕ್ಕೆ ಹೋಯಿತು. ಯಂತ್ರ ಚೀಟಿ ಹೊಡೆದರೆ ಅವರು ಬೀರು ತೆಗೆಯಬೇಕು. ಮೂರನೇ ವಾರ, ಒಂದು ಮಂಗಳವಾರ, ನೇಕಾರ ಓಬಣ್ಣ ಓಡುತ್ತ ಬಂದ.

"ಪಾಲಣ್ಣ, ಹೊಕ್ಕಿನ ನೂಲು ಮುಗಿದೈತೆ. ಸೆರಗು ಇನ್ನೂ ಒಂದು ಮೊಳ ಬಾಕಿ ಐತೆ. ರಾಂಪುರದ ಮದ್ಲಿಂಗಿ ಸೀರೆ ಕಣೋ, ಶುಕ್ರವಾರ ಮುಹೂರ್ತ. ಒಂದು ಲಡಿ ನೂಲು ಕೊಟ್ಬಿಡು."

ಕಂಪ್ಯೂಟರಿನಲ್ಲಿ ಅವನ ನಂಬರ್ ಒತ್ತಿದೆ. ಕೆಂಪಕ್ಷರದಲ್ಲಿ ಬಂತು: ಹಿಂದಿನ ಸೀರೆ ಬಂದಿಲ್ಲ, ನೂಲು ಕೊಡುವಂತಿಲ್ಲ.

"ಹಿಂದಿನ ಸೀರೆ ತಾರಪ್ಪ" ಎಂದೆ.

"ಅದೇ ಸೀರೆ ಮುಗ್ಸಾಕೆ ನೂಲು ಕೇಳ್ತಿರೋದು!"

"ಸೀರೆ ಬಂದ್ರೆ ನೂಲು."

"ನೂಲು ಕೊಟ್ರೆ ಸೀರೆ ಕಣಯ್ಯ! ದೇವುಡಾ, ಇದಕ್ಕೆ ತಲೆ ಐತೋ ಇಲ್ವೋ?"

ಓಬಣ್ಣನ ಹಿಂದೆ ಆಗಲೇ ಐದಾರು ಜನ ನಿಂತಿದ್ದರು, ಎಲ್ಲರದೂ ಇದೇ ಪಾಡು. ನಾನು ಜಂಬಕ್ಕೆ ಹೇಳಿದ ಒಂದೊಂದು ಮಾತನ್ನೂ ಆ ಯಂತ್ರ ಅಕ್ಷರ ಬಿಡದೆ ನಡೆಸುತ್ತಿತ್ತು. ಇಂಥ ಭಯಂಕರವಾದ ವಿಧೇಯತೆಯನ್ನು ನಾನು ಹೆತ್ತ ಮಕ್ಕಳಲ್ಲೂ ಕಂಡಿರಲಿಲ್ಲ. ನಿಂಗಪ್ಪನವರ ಹತ್ತಿರ ಓಡಿದರೆ, "ಕಾಗದಕ್ಕೆ ಸಹಿ ಹಾಕಿದೋನು ನೀನು. ಕಂಪ್ಯೂಟರ್ ಕೆಟ್ಟಿಲ್ಲ. ನೀನು ಹೇಳಿದ್ದು ಬದಲಾಗ್ಬೇಕು ಅಂದ್ರೆ ಮೇಡಂಗೆ ನೀನೇ ಹೇಳು" ಎಂದು ಫೋನ್ ಮುಂದಿಟ್ಟರು.

ನಸೀಮಾ ಮಧ್ಯಾಹ್ನದ ಬಸ್ಸಿಗೇ ಬಂದರು. ಅದೇ ನೋಟ್‌ಬುಕ್, ಹೊಸ ಹಾಳೆ. "ಹಲಗೆ ಮೇಲೆ ಇರೋದು ಬ್ಯಾಡ ಅಣ್ಣಾರೆ. ಕೈಯಾಗೆ ಏನ್ ಮಾಡ್ತಿದ್ರಿ ಅದನ್ನ ಹೇಳ್ರಿ" ಎಂದರು. ಸುತ್ತ ನೇಕಾರರು, ಬೆನ್ನ ಹಿಂದೆ ಕಾರ್ಯದರ್ಶಿ. ನಿಜ ಹೇಳಿದರೆ ಹನ್ನೆರಡು ವರ್ಷದ ಕೆಲಸ ಹೋಗುತ್ತದೆ, ಹೇಳದಿದ್ದರೆ ರಾಂಪುರದ ಹುಡುಗಿ ಸೆರಗಿಲ್ಲದ ಸೀರೆಯಲ್ಲಿ ಹಸೆಮಣೆ ಏರುತ್ತಾಳೆ.

"ಓಬಣ್ಣಂದು ಕೈ ಭಾರ ಮೇಡಂ. ಹೊಕ್ಕನ್ನ, ಅದೇ ಅಡ್ಡ ಎಳೇನ, ಗಟ್ಟಿಯಾಗಿ ಬಡೀತಾನೆ, ನೂಲು ಜಾಸ್ತಿ ತಿಂತೈತೆ. ಅದಕ್ಕೇ ಒಂದು ಲಡಿ ಹೆಚ್ಚಿಗೆ ಕೊಡ್ತಿದ್ದೆ. ಗೌರಮ್ಮಂದು ಕೈ ಹಗುರ. ಅವಳ ಹತ್ರ ಉಳಿದಿದ್ದು ಇಸ್ಕೊಂಡು ಇವನಿಗೆ ಹಾಕ್ತಿದ್ದೆ. ಚೀಟಿ ಆಮ್ಯಾಲೆ ಬರೀತಿದ್ದೆ."

"ಯಾರು ಹೇಳಿದ್ರು ಹಂಗೆ ಮಾಡಾಕೆ?" ಎಂದು ಮೇಡಂ ಕೇಳಿದರು.

"ಯಾರೂ ಇಲ್ಲ. ನಾನೇ."

ಕಣ್ಣು ಮುಚ್ಚಿ ನಿಂತೆ. ಬೈಗುಳ ಬರಲಿಲ್ಲ. ತೆರೆದು ನೋಡಿದರೆ ನೇಕಾರರ ನಡುವೆ ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಅಯ್ಯೋ, ನಾನು ಉಳಿಸ್ತಿದ್ದುದೇ ಇವಂಗೆ ಬೇಕಾಗ್ತೈತೆ ಅಂತ. ಇದನ್ನ ಗುಟ್ಟು ಅಂದ್ಕೊಂಡಿದ್ಯಾ?" ಎಂದಳು. ನಿಂಗಪ್ಪನವರು ಕನ್ನಡಕ ಒರೆಸುತ್ತ, "ಲೇ ಪಾಲಣ್ಣ, ನಾನು ಬಂದ ಮೊದಲ್ನೇ ವಾರಕ್ಕೇ ಗೊತ್ತಾಗೈತೆ. ಸಂಘ ನಡೀತಿರೋದೇ ಅದ್ರಿಂದ ಅಂತ ಸುಮ್ನಿದ್ದೆ. ನೀನು ಮೇಡಂ ಮುಂದೆ ಹಲಗೆ ಓದ್ತೀಯ ಅಂತ ನಂಗೇನ್ ಕನಸು ಬಿದ್ದಿತ್ತಾ?" ಎಂದರು.

ಕೆಲಸ ಹೋಗಿದ್ದರೂ ನಾನು ಅಷ್ಟು ದಂಗಾಗುತ್ತಿರಲಿಲ್ಲ. ಹನ್ನೆರಡು ವರ್ಷ ಇಡೀ ಊರಿಗೆ ನನ್ನ ಶಿಸ್ತಿನ ಬಗ್ಗೆ ಹೇಳಿಕೊಂಡು ತಿರುಗಿದ್ದೆ. ಕೇಳಿದವರೆಲ್ಲ ತಲೆ ಆಡಿಸಿದ್ದರು. ಒಬ್ಬನೂ ನಂಬಿರಲಿಲ್ಲ!

ಮೇಡಂ ಸಂಜೆಯೊಳಗೆ ಯಂತ್ರವನ್ನು ತಿದ್ದಿದರು. ಓಬಣ್ಣನಿಗೆ ಲಡಿ ಸಿಕ್ಕಿತು, ಗುರುವಾರ ಸೀರೆ ರಾಂಪುರ ಸೇರಿತು. ಈಗ ನಾನು ಯಾರಿಗೆ ಎಷ್ಟು ಬೇಕಾದರೂ ಹೆಚ್ಚಿಗೆ ಕೊಡಬಹುದು, ಕಂಪ್ಯೂಟರ್ ತಡೆಯುವುದಿಲ್ಲ. ನನ್ನ ಮಾತನ್ನು ಪೂರ್ತಿಯಾಗಿ ನಂಬಿದ ಜೀವ ಈ ಊರಿನಲ್ಲಿ ಅದೊಂದೇ ಇತ್ತು. ತಿದ್ದಿದ ಮೇಲೆ ಅದೂ ಬದಲಾಗಿದೆ. ನಾನು ಏನು ಒತ್ತಿದರೂ ಒಂದು ಕ್ಷಣ ಸುಮ್ಮನಿದ್ದು, "ಖಚಿತವೇ?" ಎಂದು ಕೇಳುತ್ತದೆ.