ಅತ್ತೆ ಕಾರು ನೋಡಲು ಹೊರಟದ್ದು

ಹಳೇ ಕಾರು ಕೊಳ್ಳಲು ಹೊರಟವರಿಗೆ ಕಾರು ಸಿಗುವ ಮೊದಲು ಕತೆಗಳು ಸಿಗುತ್ತವೆ. ನಮಗೂ ಹಾಗೆಯೇ ಆಯಿತು.

ನನ್ನ ಗಂಡ ತೀರಿಕೊಂಡ ಮೇಲೆ ಅತ್ತೆ ಗೇಟು ದಾಟಿರಲಿಲ್ಲ. ಕಾರ್ಕಳದ ಮಗಳ ಮನೆಗೂ ಹೋಗಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದು ಎನ್ನುತ್ತಿದ್ದರು. ಕಾರಣ ಮೆಟ್ಟಿಲಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇವರೇ ಕಲಿಸಿದ ಡ್ರೈವಿಂಗ್ ನನಗೆ ಬರುತ್ತಿತ್ತು. ಒಂದು ಕಾರಿದ್ದರೆ ಅತ್ತೆಯನ್ನು ಹೊರಗೆ ಕರೆದೊಯ್ಯಬಹುದು ಅನಿಸಿತು. ನೋಡಲು ನಾನೊಬ್ಬಳೇ ಹೊರಟಿದ್ದೆ. ಆಟೋ ಬಂದಾಗ ಅತ್ತೆ ಸೀರೆ ಬದಲಿಸಿ ನಿಂತಿದ್ದರು.

"ಕಾರು ನೀನು ನೋಡು ಮಗಾ. ಮನೆಯವರನ್ನು ನಾನು ನೋಡ್ತೇನೆ."

೧. ಲಾಯಿಲದ ಬಾಣಂತಿ

ಮೀಟರು ತೀರಾ ಕಡಿಮೆ ತೋರಿಸುತ್ತಿತ್ತು. "ಬೆಳ್ತಂಗಡಿ ಪೇಟೆಗೆ ಹೋಗಿ ಬರ್ಲಿಕ್ಕೆ ಮಾತ್ರ" ಎಂದರು ಮಾಲಿಕರು. ನಾನು ಪೆಡಲಿನ ರಬ್ಬರು ಸವೆದಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಜಗಲಿಯಲ್ಲಿ ಅತ್ತೆ ಮನೆಯೊಡತಿಯ ಜೊತೆ ಬೆಲ್ಲ ನೀರು ಕುಡಿಯುತ್ತಿದ್ದರು.

"ಮಗಳನ್ನು ಎಲ್ಲಿಗೆ ಕೊಟ್ಟದ್ದು?"

"ಪುಣೆಗೆ."

"ಅಬ್ಬ, ದೂರ! ಹೆರಿಗೆ?"

"ಎರಡೂ ಇಲ್ಲಿಯೇ."

"ಪಾಪ, ಆ ಮಗುವನ್ನು ಹಿಡ್ಕೊಂಡು ಬಸ್ಸಿನಲ್ಲಿ ವಾಪಸ್ ಹೋದದ್ದಾ?"

"ಛೆ, ಬಾಣಂತಿಯನ್ನು ಬಸ್ಸಿನಲ್ಲಿ ಕಳಿಸ್ತೇವಾ? ಇದೇ ಕಾರು. ಸೀಮಂತಕ್ಕೂ ಇದೇ, ಮಗುವಿನ ಹುಟ್ಟುಹಬ್ಬಕ್ಕೂ ಇದೇ."

ಮಾಲಿಕರು ಬಾನೆಟ್ ಮುಚ್ಚಿದರು. ಆಟೋದಲ್ಲಿ ಅತ್ತೆ ಹೇಳಿದರು: "ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಮೊಮ್ಮಕ್ಕಳನ್ನು ಆಗುವುದಿಲ್ಲ."

೨. ವಾಮದಪದವಿನ ಹಾಲು

ಮಾಲಿಕ ದುಬೈಯಲ್ಲಿ. ತೋರಿಸಿದ್ದು ಅವರ ಅಣ್ಣ. "ತಮ್ಮ ರಜೆಯಲ್ಲಿ ಬಂದಾಗ ಮಾತ್ರ ಓಡುವುದು. ಉಳಿದಂತೆ ಶೆಡ್ಡಿನಲ್ಲೇ."

ನಾನು ಟಯರು ನೋಡಿದೆ. ಹೊಚ್ಚ ಹೊಸದು. ನಿಂತ ಕಾರಿಗೆ ಹೊಸ ಟಯರು ಯಾಕೆಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆ ಹಿಂದಿನ ಸೀಟಿನಲ್ಲಿ ಕುಳಿತು, "ಒಮ್ಮೆ ಸ್ಟಾರ್ಟ್ ಮಾಡಿ" ಎಂದರು.

ಇಂಜಿನ್ ಸದ್ದಾದದ್ದೇ ತಡ, ಆಚೆ ಮನೆಯಿಂದ ಒಬ್ಬರು, ಈಚೆ ಮನೆಯಿಂದ ಇನ್ನೊಬ್ಬರು ಹಾಲಿನ ಕ್ಯಾನು ಹಿಡಿದು ಓಡಿ ಬಂದರು. ಯಾರನ್ನೂ ಕೇಳದೆ ಡಿಕ್ಕಿ ತೆಗೆದು ಕ್ಯಾನು ಇಟ್ಟರು.

"ಇವತ್ತು ಬೇಗ ಹೊರಟದ್ದಾ ಅಣ್ಣಾ? ಹಾಲಿನ ಸೊಸೈಟಿ ತೆರೆದಿರಲಿಕ್ಕಿಲ್ಲ."

ಅಣ್ಣ ಸ್ಟೇರಿಂಗನ್ನೇ ನೋಡುತ್ತಿದ್ದರು. ಅತ್ತೆ ಸೀಟಿನಲ್ಲಿ ಪಕ್ಕಕ್ಕೆ ಸರಿದು, "ಬನ್ನಿ, ಬನ್ನಿ, ಜಾಗ ಉಂಟು" ಎಂದರು.

೩. ಮೂಡುಬಿದಿರೆಯ ದಂಪತಿ

ಇಲ್ಲಿ ಮಾಲಿಕರು ಬ್ಯಾಂಕಿನಿಂದ ನಿವೃತ್ತರಾದವರು. ನಾವು ಕೇಳುವ ಮೊದಲೇ ಗೀರುಗಳನ್ನೆಲ್ಲ ತೋರಿಸಿದರು. "ತೊಂಬತ್ತು ಸಾವಿರ ಓಡಿದೆ."

ಒಳಗಿನಿಂದ ಹೆಂಡತಿಯ ದನಿ: "ನನ್ನ ತವರಿಗೆ ಹೋದದ್ದು ಸೇರಿಸಿದ್ರಾ?"

"ಅದು ಮೀಟರಿನಲ್ಲೇ ಉಂಟು ಮಾರಾಯ್ತಿ!"

"ಹಾಗಾದ್ರೆ ನಿಮ್ಮ ತಂಗಿಯ ಮನೆಗೆ ಹೋದದ್ದೂ ಹೇಳಿ. ಹೆಚ್ಚು ಓಡಿದ್ದು ಅಲ್ಲಿಗೇ!"

ಅತ್ತೆ ನನ್ನ ಕಿವಿಯಲ್ಲಿ ಹೇಳಿದರು: "ಇದನ್ನು ತೆಗೆದುಕೊಳ್ಳುವ. ಈ ಮನೆಯಲ್ಲಿ ಸುಳ್ಳು ಹೇಳಿ ಬದುಕುವುದು ಸಾಧ್ಯವಿಲ್ಲ."

೪. ಮಡಂತ್ಯಾರಿನ ಪ್ರಶ್ನೆ

ಕಾರು ಮನೆಗೆ ಬಂದ ಮೊದಲ ವಾರ ಕಾರ್ಕಳಕ್ಕೆ ಹೋದೆವು. ತಾಯಿ, ಮಗಳು ತುಂಬ ಹೊತ್ತು ಅತ್ತರು, ಆಮೇಲೆ ಊಟ ಮಾಡಿದರು. ಮರುವಾರ ಅತ್ತೆ ಪುನಃ ಸೀರೆ ಬದಲಿಸಿ ನಿಂತರು.

"ಮಡಂತ್ಯಾರಿನಲ್ಲಿ ಒಂದು ಕಾರು ಮಾರ್ಲಿಕ್ಕೆ ಉಂಟಂತೆ. ನೋಡಿ ಬರುವ."

"ನಾವು ಕಾರು ತೆಗೆದುಕೊಂಡಾಯಿತಲ್ಲ ಅತ್ತೆ?"

"ಅದು ಅವರಿಗೆ ಗೊತ್ತುಂಟಾ?"

ಹೀಗೆ ಕೊಂಡ ಕಾರಿನಲ್ಲೇ ಕಾರು ನೋಡಲು ಹೋದೆವು. ಮಡಂತ್ಯಾರಿನವರು ತಮ್ಮ ಕಾರು ಬಿಟ್ಟು ನಮ್ಮದಕ್ಕೇ ಸುತ್ತು ಹಾಕಿದರು. "ಇದನ್ನು ಕೊಟ್ಟು ಅದನ್ನು ತೆಗೆದುಕೊಳ್ತೀರಾ? ಇದು ಎಷ್ಟು ಓಡಿದೆ?"

ನಾನು ಮೀಟರಿನ ಅಂಕಿ ಸರಿಯಾಗಿ ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ಕೈ ಒತ್ತಿದರು.

"ಎಲ್ಲಿ ಓಡಿದೆ ಮಾರಾಯ್ರೆ? ನಾವು ಈಗಷ್ಟೇ ಶುರು ಮಾಡಿದ್ದು" ಎಂದು ಜಗಲಿಯ ಕಡೆ ನಡೆದರು. "ಅದಿರಲಿ, ನಿಮ್ಮ ಮಗಳನ್ನು ಎಲ್ಲಿಗೆ ಕೊಟ್ಟದ್ದು?"